ಗಾಳಿ ಒಂದೇ, ಶ್ವಾಸ ಬೇರೆ ಬೇರೆ: ‘ಮಿತಿಯೊಳಗೇ ಇದೆ’ ಅಂದ್ರೆ ಯಾರ ಮಿತಿ?

ಕುಂದಾಪುರ: ಜೂನ್ 1ರಿಂದ ಜುಲೈ 31ರ ತನಕದ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿಯಲು ಇನ್ನು ಕೆಲವೇ ದಿನ. ಬಲೆ ರಿಪೇರಿ ಆಗಿದೆ, ಬೋಟ್‌ಗೆ ಬಣ್ಣ ಬಿದ್ದಿದೆ. ಆದ್ರೆ ಬೋಟ್ ಕಡಲಿಗೆ ಇಳಿಯುವ ಮೊದಲೇ ಶುರು ಆಗಬೇಕಾದ್ದು ಐಸ್ ಪ್ಲಾಂಟ್. ಮೀನು ಬಂದರಿಗೆ ಬಂದ ಮೇಲೆ ಐಸ್ ಹುಡುಕುವುದಕ್ಕೆ ಆಗುವುದಿಲ್ಲ. ಗಂಗೊಳ್ಳಿಯಿಂದ ಮಲ್ಪೆಯ ತನಕ ಬಂದರು ಇದ್ದಲ್ಲಿ ಐಸ್ ಬೇಕು, ಐಸ್ ಮಾಡಲಿಕ್ಕೆ ಅಮೋನಿಯಾ ಬೇಕು. ಎರಡು ತಿಂಗಳು ಮಳೆಯಲ್ಲಿ, ಉಪ್ಪು ಗಾಳಿಯಲ್ಲಿ ಸುಮ್ಮನೆ ನಿಂತಿದ್ದ ಪೈಪು, ವಾಲ್ವು, ಗ್ಯಾಸ್ಕೆಟ್, ಕಂಪ್ರೆಸರ್ ಎಲ್ಲ ಒಮ್ಮೆಲೇ ಒತ್ತಡಕ್ಕೆ ಬರುವ ವಾರ ಇದು.

ಬಂದರಿನ ಪಕ್ಕದ ಕೇರಿಗಳಲ್ಲಿ, ಅಂಗಡಿ ಸಾಲುಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮಾತು ಉಂಟು. ಯಾರಾದ್ರೂ “ವಾಸನೆಗೆ ಕಣ್ಣು ಉರೀತದೆ, ಮಗುವಿಗೆ ಕೆಮ್ಮು ಬಿಡ್ತಿಲ್ಲ” ಅಂದ ಕೂಡಲೇ ಬರುವ ಉತ್ತರ: “ನಮ್ಗೆಂತ ಆಯ್ಲಿಲ್ಲೆ ಮಾರಾಯ್ರೆ, ನಿಮ್ಗೊಬ್ರಿಗೆ ಎಂತಕ್ಕೆ?” ಮಾತು ಅಲ್ಲಿಗೇ ನಿಲ್ಲುತ್ತದೆ. ದೂರು ಕೊಟ್ಟವರು ಸುಮ್ಮನೆ ರಗಳೆ ಮಾಡುವವರು ಅನ್ನಿಸಿಕೊಳ್ಳುತ್ತಾರೆ. ಮೇಲಿಂದ ಅಧಿಕಾರಿ ಬಂದು “ಮಿತಿಯೊಳಗೇ ಇದೆ” ಅಂದ್ರೆ ಮುಗಿಯಿತು.

ಆದ್ರೆ ಒಂದೇ ಗಾಳಿ ಒಬ್ಬರಿಗೆ ಏನೂ ಮಾಡದೆ ಇನ್ನೊಬ್ಬರನ್ನು ಆಸ್ಪತ್ರೆಗೆ ಕಳಿಸುವುದು ವಿಚಿತ್ರವಲ್ಲ, ಸುಳ್ಳೂ ಅಲ್ಲ. ರಾಸಾಯನಿಕಗಳ ಅಪಾಯ ಲೆಕ್ಕ ಹಾಕುವ ವಿಜ್ಞಾನ ಇದನ್ನು 70 ವರ್ಷಗಳಿಂದ ಒಪ್ಪಿಕೊಂಡಿದೆ, ಅದಕ್ಕೊಂದು ಲೆಕ್ಕವನ್ನೂ ಇಟ್ಟಿದೆ. ಆ ಲೆಕ್ಕ ನಮ್ಮ ಊರಿನ ‘ಮಿತಿ’ಯಲ್ಲಿ ಸೇರಿದೆಯಾ ಇಲ್ಲವಾ ಅನ್ನುವುದೇ ಪ್ರಶ್ನೆ.

ಅಮೋನಿಯಾ ಮಾಡುವುದೇನು?

ಮೊದಲು ವಸ್ತು ಯಾವುದು ಅಂತ ಕಾಣಿ. ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ದ್ರವ ಅಮೋನಿಯಾ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಉಪ್ಪುನೀರಿನ ಟ್ಯಾಂಕಿನಲ್ಲಿ ಮುಳುಗಿಸಿಟ್ಟ ಡಬ್ಬಿಗಳ ನೀರು ಗಡ್ಡೆ ಕಟ್ಟುವುದು ಹಾಗೆ. ಆವಿಯನ್ನು ಮತ್ತೆ ಒತ್ತಿ, ತಣಿಸಿ, ದ್ರವ ಮಾಡಿ ತಿರುಗಿಸುತ್ತಾರೆ. ಪೈಪಿನೊಳಗೇ ಸುತ್ತುತ್ತಿದ್ದರೆ ಯಾರಿಗೂ ತೊಂದರೆ ಇಲ್ಲ.

ಹೊರಗೆ ಬಂದರೆ ಕಥೆ ಬೇರೆ. ಅಮೋನಿಯಾಕ್ಕೆ ನೀರು ಕಂಡರೆ ಬಿಡುವುದಿಲ್ಲ, ಎಲ್ಲಿ ಒದ್ದೆ ಇದೆಯೋ ಅಲ್ಲಿ ಕರಗುತ್ತದೆ. ನಮ್ಮ ದೇಹದಲ್ಲಿ ಒದ್ದೆ ಇರುವ ಜಾಗ ಅಂದ್ರೆ ಕಣ್ಣು, ಮೂಗು, ಗಂಟಲು, ಶ್ವಾಸನಾಳ. ಅಲ್ಲಿ ಕ್ಷಾರವಾಗಿ ಸುಡುತ್ತದೆ. ಆ ಗ್ಯಾಸು ಗಾಳಿಗಿಂತ ಹಗುರ, ಮೇಲೆ ಹೋಗಿಬಿಡುತ್ತದೆ ಅಂತ ಹೇಳುವವರಿದ್ದಾರೆ. ಮಾತು ಅರ್ಧ ಸತ್ಯ. ಜೋರಾಗಿ ಸೋರಿದಾಗ, ಅದರಲ್ಲೂ ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ, ಅದು ತಣ್ಣನೆಯ ಬಿಳಿ ಮಂಜಿನ ಹಾಗೆ ನೆಲ ಹಿಡಿದೇ ಹರಿಯಬಲ್ಲದು.

ಮಿತಿ ಒಂದಲ್ಲ, ಮೂರು ಬಗೆ

ಗ್ಯಾಸಿನ ಪ್ರಮಾಣವನ್ನು ಪಿಪಿಎಂ ಅಂತ ಹೇಳುತ್ತಾರೆ. ಹತ್ತು ಲಕ್ಷಕ್ಕೆ ಒಂದು ಪಾಲು. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಅಷ್ಟು ಗಾಳಿಯಲ್ಲಿ ಒಂದು ಎಂಎಲ್ ಅಮೋನಿಯಾ ಇದ್ದರೆ ಅದು 1 ಪಿಪಿಎಂ.

1948ರ ಫ್ಯಾಕ್ಟರಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಇದ್ದ ಮಿತಿಯ ಪ್ರಕಾರ ಕೆಲಸದ ಜಾಗದಲ್ಲಿ ಎಂಟು ಗಂಟೆಯ ಸರಾಸರಿ 25 ಪಿಪಿಎಂ ತನಕ ಇರಬಹುದಿತ್ತು. ಅಂದ್ರೆ ಒಂದು ಘನ ಮೀಟರ್ ಗಾಳಿಯಲ್ಲಿ 18 ಮಿಲಿಗ್ರಾಂ. ಹದಿನೈದು ನಿಮಿಷದ ಮಟ್ಟಿಗೆ 35 ಪಿಪಿಎಂ. ಇದು ಕಾರ್ಮಿಕರಿಗೆ ಇಟ್ಟ ಮಿತಿ.

ಎರಡನೆಯದು ಊರಿನ ಗಾಳಿಯ ಮಿತಿ. 2009ರ ನವೆಂಬರ್‌ನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿ 12 ವಸ್ತುಗಳಿವೆ, ಅದರಲ್ಲಿ ಅಮೋನಿಯಾವೂ ಒಂದು. 24 ಗಂಟೆಯ ಸರಾಸರಿ ಘನ ಮೀಟರಿಗೆ 400 ಮೈಕ್ರೋಗ್ರಾಂ, ವರ್ಷದ ಸರಾಸರಿ 100 ಮೈಕ್ರೋಗ್ರಾಂ ದಾಟಬಾರದು. 400 ಮೈಕ್ರೋಗ್ರಾಂ ಅಂದ್ರೆ 0.4 ಮಿಲಿಗ್ರಾಂ. ಈಗ ಭಾಗಿಸಿ ನೋಡಿ: ಕಾರ್ಮಿಕನಿಗೆ 18, ಊರಿನವರಿಗೆ 0.4. ನಡುವೆ 45 ಪಟ್ಟು ವ್ಯತ್ಯಾಸ.

ಮೂರನೆಯದು ಅವಘಡದ ಹೊತ್ತಿನ ಲೆಕ್ಕ. ಅಮೆರಿಕದಲ್ಲಿ ಸೋರಿಕೆಯ ಸಂದರ್ಭಕ್ಕೆ ಅಂತ ಮಾಡಿಟ್ಟ ಮಟ್ಟಗಳ ಪ್ರಕಾರ, ಒಂದು ಗಂಟೆ 30 ಪಿಪಿಎಂ ಇದ್ದರೆ ಕಿರಿಕಿರಿ. 160 ದಾಟಿದರೆ ಗಂಭೀರ, ಉಳಿದುಬಿಡುವ ಹಾನಿ ಅಥವಾ ತಪ್ಪಿಸಿಕೊಂಡು ಓಡಲಿಕ್ಕೂ ಆಗದ ಸ್ಥಿತಿ. 1,100 ದಾಟಿದರೆ ಪ್ರಾಣಾಪಾಯ. ಈ ಮಟ್ಟಗಳನ್ನು ಹಾಕುವಾಗ ಮಕ್ಕಳು, ಅಸ್ತಮಾ ಇರುವವರನ್ನೂ ಸೇರಿಸಿ ಸಾರ್ವಜನಿಕರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಹಾಗಾಗಿ “ಮಿತಿಯೊಳಗೆ ಇದೆ” ಅಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಸರಳ: ಯಾವ ಮಿತಿ? ಪ್ಲಾಂಟಿನ ಒಳಗೆ 20 ಪಿಪಿಎಂ ಇದ್ದರೆ ಕಾರ್ಮಿಕನ ಲೆಕ್ಕದಲ್ಲಿ ಅದು ಮಿತಿಯೊಳಗೆ. ಅದೇ 20 ಪಿಪಿಎಂ ಪಕ್ಕದ ಮನೆಯ ತೊಟ್ಟಿಲಿನ ಹತ್ತಿರ ದಿನವಿಡೀ ಇದ್ದರೆ ಮಿತಿಯ 35 ಪಟ್ಟು.

ಇನ್ನೊಂದು ಸಂಗತಿ. ಹೆಚ್ಚಿನವರ ಮೂಗಿಗೆ ಅಮೋನಿಯಾ ಸಿಗುವುದು ಸುಮಾರು 5 ಪಿಪಿಎಂ ಹತ್ತಿರ. ಊರಿನ ಗಾಳಿಯ 24 ಗಂಟೆಯ ಮಿತಿ ಸುಮಾರು 0.6 ಪಿಪಿಎಂ. ಅಂದ್ರೆ ದಿನವಿಡೀ ವಾಸನೆ ಬರ್ತಾ ಇದ್ದರೆ ಮೀಟರ್ ಬರುವ ಮೊದಲೇ ಮೂಗು ಉತ್ತರ ಕೊಟ್ಟಿದೆ ಅಂತ ಅರ್ಥ.

70 ಕೆಜಿಯ ಗಂಡಸು

ಈ ಲೆಕ್ಕಗಳು ಹುಟ್ಟಿದ್ದು ಹೇಗೆ? ವಿಕಿರಣ ಮತ್ತು ರಾಸಾಯನಿಕಗಳ ಅಪಾಯ ಅಳೆಯುವವರು ಬಹುಕಾಲ ಒಬ್ಬ ಮಾದರಿ ಮನುಷ್ಯನನ್ನು ಇಟ್ಟುಕೊಂಡಿದ್ದರು. 1975ರಲ್ಲಿ ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಅವನ ಪೂರ್ತಿ ವಿವರ ಪ್ರಕಟಿಸಿತು: 20ರಿಂದ 30 ವರ್ಷ, 70 ಕೆಜಿ, 170 ಸೆಂಟಿಮೀಟರ್ ಎತ್ತರ, ಯುರೋಪ್ ಅಥವಾ ಉತ್ತರ ಅಮೆರಿಕದ ಬಿಳಿಯ ಗಂಡಸು.

ನಮ್ಮ ಬಂದರಿನಲ್ಲಿ ಮೀನು ವಿಂಗಡಿಸುವ 45 ಕೆಜಿಯ ಹೆಂಗಸು ಅವನಲ್ಲ. ಗೇರುಬೀಜ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವವರಲ್ಲಿ ಹೆಚ್ಚಿನವರು ಹೆಂಗಸರೇ, ಅವರೂ ಅವನಲ್ಲ. ಬ್ರಹ್ಮಾವರದ ಕಡೆ ಅಕ್ಕಿ ಮಿಲ್ಲಿನ ತೌಡಿನ ಧೂಳಿನಲ್ಲಿ ಮೂವತ್ತು ವರ್ಷ ನಿಂತ 60ರ ಅಣ್ಣಯ್ಯ ಅವನಲ್ಲ. ಅಂಗನವಾಡಿ ಮಗು ಅಂತೂ ಅಲ್ಲವೇ ಅಲ್ಲ.

ಕಾರ್ಮಿಕರ ಮಿತಿಯಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಅದು ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನದ ಅಂದಾಜಿನ ಮೇಲೆ ನಿಂತದ್ದು. ಉಳಿದ ಹೊತ್ತು ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ ಅನ್ನುವ ನಂಬಿಕೆ. ಬಂದರು ರಸ್ತೆಯ ಅಂಗಡಿಯವರು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ರಾತ್ರಿ ಎಂಟಕ್ಕೆ ಹಾಕುವುದು, ವಾರಕ್ಕೆ ಏಳೂ ದಿನ. ಅಂದ್ರೆ 84 ಗಂಟೆ, ಕಾಗದದ ಕಾರ್ಮಿಕನ 40 ಗಂಟೆಯ ದುಪ್ಪಟ್ಟಿಗಿಂತ ಹೆಚ್ಚು. ಅಂಗಡಿಯ ಹಿಂದೆಯೇ ಮನೆ ಇದ್ದರೆ ಹೇಳುವುದೇ ಬೇಡ.

ಹತ್ತರಿಂದ ಭಾಗಿಸುವ ಲೆಕ್ಕ

ಮನುಷ್ಯ ಮನುಷ್ಯನಿಗೆ ವ್ಯತ್ಯಾಸ ಇದೆ ಅನ್ನುವುದನ್ನು ಲೆಕ್ಕಕ್ಕೆ ತಂದದ್ದು 1954ರಲ್ಲಿ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಲೇಮನ್, ಫಿಟ್ಝ್‌ಹ್ಯೂ ಎಂಬ ವಿಜ್ಞಾನಿಗಳು, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ ಹಾನಿ ಕಾಣದ ಪ್ರಮಾಣ ಸಿಕ್ಕಿದರೆ ಅದನ್ನು 100ರಿಂದ ಭಾಗಿಸಿ ಅಂದರು. ಆ ನೂರು ಅಂದ್ರೆ ಹತ್ತು ಸಲ ಹತ್ತು ಅಂತ ಆಮೇಲೆ ರೂಢಿಯಾಯಿತು: ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯರ ಒಳಗೇ ಇರುವ ವ್ಯತ್ಯಾಸಕ್ಕೆ ಇನ್ನೊಂದು ಹತ್ತು.

ಈ ಎರಡನೇ ಹತ್ತು ನಮ್ಮ ಐಸ್ ಪ್ಲಾಂಟಿನ ಅಮೋನಿಯಾಕ್ಕೇ ಹೇಗೆ ಬಂತು ಅಂತ ನೋಡುವುದು ಒಳ್ಳೆಯದು. ಕೆನಡಾದ ಸೋಡಾ ಬೂದಿ ಫ್ಯಾಕ್ಟರಿಯ 58 ಕಾರ್ಮಿಕರನ್ನು, ಅಮೋನಿಯಾ ತಾಗದ 31 ಜನರೊಂದಿಗೆ ಹೋಲಿಸಿದ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ಕೆಮ್ಮು, ಉಬ್ಬಸ, ಶ್ವಾಸಕೋಶದ ಶಕ್ತಿ ಎಲ್ಲ ನೋಡಿದರು. ಇದನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತು. ಹಾನಿ ಕಾಣದ ಮಟ್ಟ ಘನ ಮೀಟರಿಗೆ 13.6 ಮಿಲಿಗ್ರಾಂ. ಕಾರ್ಮಿಕ ಪಾಳಿಯಲ್ಲಿ ಉಸಿರಾಡುವುದು ದಿನದ 20 ಘನ ಮೀಟರ್ ಗಾಳಿಯಲ್ಲಿ 10 ಮಾತ್ರ, ಅದೂ ವಾರದ ಏಳು ದಿನದಲ್ಲಿ ಐದು ದಿನ. ಊರಿನವರಾದರೆ ಇಡೀ ದಿನ, ಇಡೀ ವಾರ. ಆ ಪ್ರಕಾರ ಇಳಿಸಿದಾಗ 4.9 ಬಂತು. ಅದನ್ನು ಮತ್ತೆ ಹತ್ತರಿಂದ ಭಾಗಿಸಿ 0.5 ಮಿಲಿಗ್ರಾಂ ಅಂತ ನಿಲ್ಲಿಸಿದರು. ಜೀವನಪೂರ್ತಿ ಉಸಿರಾಡಿದರೂ ತೊಂದರೆ ಆಗಲಿಕ್ಕಿಲ್ಲ ಅನ್ನುವ ಮಟ್ಟ ಅದು.

ಪರೀಕ್ಷೆ ಮನುಷ್ಯರ ಮೇಲೇ ಆಗಿತ್ತಲ್ಲ, ಮತ್ತೆ ಹತ್ತರಿಂದ ಭಾಗಿಸಿದ್ದು ಯಾಕೆ? ಪರೀಕ್ಷೆ ಮಾಡಿದ್ದು ಕೆಲಸದಲ್ಲಿ ಉಳಿದವರ ಮೇಲೆ. ವಾಸನೆ ಆಗದೆ ಉಬ್ಬಸ ಬಂದವನು ಮೊದಲ ತಿಂಗಳೇ ಕೆಲಸ ಬಿಟ್ಟು ಹೋಗಿರುತ್ತಾನೆ, ಅವನ ಹೆಸರು ಲೆಕ್ಕದ ಪಟ್ಟಿಯಲ್ಲೇ ಇರುವುದಿಲ್ಲ. ಉಳಿದವರು ಗಟ್ಟಿಯವರು. ಗಟ್ಟಿಯವರಿಗೆ ಏನೂ ಆಗಿಲ್ಲ ಅಂತ ಊರಿಗೆಲ್ಲ ಆಗುವುದಿಲ್ಲ ಅನ್ನಲಿಕ್ಕೆ ಬರುವುದಿಲ್ಲ.

ನಮ್ಮಲ್ಲಿ “ನಾನು ಹದಿನೈದು ವರ್ಷದಿಂದ ಪ್ಲಾಂಟಿನಲ್ಲಿದ್ದೇನೆ, ನಂಗೆ ಏನೂ ಆಗಿಲ್ಲ” ಅನ್ನುವ ಮಾತಿನ ಬೆಲೆಯೂ ಇಷ್ಟೇ. ಅವರು ಸುಳ್ಳು ಹೇಳುತ್ತಿಲ್ಲ. ಆದ್ರೆ ಹದಿನೈದು ವರ್ಷ ನಿಲ್ಲಲು ಆದವರ ಸಾಕ್ಷಿ ಮಾತ್ರ ಅದು.

ಯಾರಿಗೆ ಜಾಸ್ತಿ, ಯಾಕೆ?

ಮಕ್ಕಳು: ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹುಟ್ಟಿದ ಮಗು 40ರಿಂದ 60 ಸಲ. ಮೈತೂಕಕ್ಕೆ ಹೋಲಿಸಿದರೆ ಮಗುವಿನೊಳಗೆ ಹೋಗುವ ಗಾಳಿ ಜಾಸ್ತಿ. ಜೊತೆಗೆ ಶ್ವಾಸನಾಳ ಸಣ್ಣದು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಒಂದು ಲೆಕ್ಕ ಇದೆ: ಒಳಗೋಡೆ ಒಂದೇ ಮಿಲಿಮೀಟರ್ ಬಾತುಕೊಂಡರೆ 8 ಮಿಲಿಮೀಟರ್ ಅಗಲದ ದೊಡ್ಡವರ ನಾಳದಲ್ಲಿ ಗಾಳಿ ಎಳೆಯುವ ಕಷ್ಟ ಮೂರು ಪಟ್ಟು ಏರುತ್ತದೆ, 4 ಮಿಲಿಮೀಟರಿನ ಮಗುವಿನ ನಾಳದಲ್ಲಿ 16 ಪಟ್ಟು.

ಗರ್ಭಿಣಿಯರು: ಬಸಿರಿನಲ್ಲಿ ನಿಮಿಷಕ್ಕೆ ಉಸಿರಾಡುವ ಗಾಳಿ ಶೇ. 30ರಿಂದ 50ರಷ್ಟು ಹೆಚ್ಚಾಗುತ್ತದೆ.

ಅಸ್ತಮಾ, ಹಳೇ ಕೆಮ್ಮು ದಮ್ಮು ಇರುವವರು: ಇವರ ಶ್ವಾಸನಾಳ ಮೊದಲೇ ಕೆರಳಿದೆ. ಬೇರೆಯವರಿಗೆ ಬರೀ ವಾಸನೆ, ಇವರಿಗೆ ನಾಳವೇ ಹಿಡಿದುಕೊಳ್ಳುತ್ತದೆ. ಬೀಡಿ ಸೇದಿದವರು, ವರ್ಷಗಟ್ಟಲೆ ಬಚ್ಚಲ ಒಲೆಯ ಹೊಗೆ ಕುಡಿದ ಹೆಂಗಸರು ಈ ಸಾಲಿನಲ್ಲೇ ಬರುತ್ತಾರೆ.

ಮೈಮುರಿದು ದುಡಿಯುವವರು: ಕೂತವರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದರೆ, ಐಸ್ ಬ್ಲಾಕ್ ಎಳೆಯುವವರು, ಬುಟ್ಟಿ ಹೊರುವವರು 40 ಲೀಟರ್ ತನಕ ಎಳೆಯಬಹುದು. ಒಂದೇ ಕೋಣೆ, ಒಂದೇ ಗಾಳಿ, ಒಳಗೆ ಹೋಗುವುದು ಐದು ಪಟ್ಟು. ರೈಟರು ಕೂತಲ್ಲಿ ಏನೂ ಆಗದ್ದು ಲೋಡರಿಗೆ ಆಗುವುದು ಹೀಗೆ.

ಮೂಗೇ ಇಲ್ಲದವರು: ವಾಸನೆ ಎಚ್ಚರಿಕೆಯ ಗಂಟೆ. ವಯಸ್ಸಾದ ಹಾಗೆ ಅದು ಮಂದವಾಗುತ್ತದೆ. ಕೋವಿಡ್ ನಂತರ ವಾಸನೆ ಸರಿಯಾಗಿ ಬಾರದವರು ಈಗಲೂ ಇದ್ದಾರೆ. ದಿನಾ ಅಲ್ಲೇ ಇರುವವರ ಮೂಗಿಗೂ ಅಭ್ಯಾಸ ಆಗಿಬಿಡುತ್ತದೆ. “ವಾಸನೆ ಬರೂದಿಲ್ಲ” ಅಂದ್ರೆ ಗ್ಯಾಸ್ ಇಲ್ಲ ಅಂತಲೇ ಆಗಬೇಕಿಲ್ಲ.

ಹುಟ್ಟಿನಿಂದಲೇ ಬಂದ ವ್ಯತ್ಯಾಸವೂ ಇದೆ. ಇದಕ್ಕೆ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುವ ವಸ್ತುವಿನದ್ದೇ ಉದಾಹರಣೆ ಉಂಟು: ಬಟ್ಟೆಗೆ ಹಾಕುವ ನ್ಯಾಫ್ತಲಿನ್ ಗುಳಿಗೆ. ಸಾವಿರಾರು ಮನೆಗಳಲ್ಲಿ ಕಪಾಟಿನಲ್ಲಿ ಇರುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಆದ್ರೆ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿದ್ದಾರೆ, ಗಂಡು ಮಕ್ಕಳಲ್ಲಿ ಹೆಚ್ಚು. ಅಂಥ ಹಸುಗೂಸನ್ನು ಆ ಗುಳಿಗೆ ಹಾಕಿಟ್ಟ ಬಟ್ಟೆಯಲ್ಲಿ, ಕಂಬಳಿಯಲ್ಲಿ ಸುತ್ತಿದರೆ ಆವಿ ಒಳಹೋಗಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ಏರುತ್ತದೆ, ಮಿದುಳಿಗೂ ಪೆಟ್ಟಾಗಬಹುದು. ಪಕ್ಕದ ಮನೆಯ ಮಗುವಿಗೆ ಅದೇ ಬಟ್ಟೆಯಿಂದ ಏನೂ ಆಗುವುದಿಲ್ಲ. ಇಲ್ಲಿ “ನಮ್ ಮಗುವಿಗೆ ಎಂತ ಆಯ್ಲಿಲ್ಲೆ” ಅನ್ನುವ ಮಾತಿಗೆ ಅರ್ಥವೇ ಇಲ್ಲ. ಬಾಣಂತಿ ಮನೆಗೆ ಗುಳಿಗೆ ಕೇಳಿದರೆ ಅಂಗಡಿಯವರು ಒಂದು ಮಾತು ಹೇಳಿದರೆ ಉಪಕಾರ.

ಕ್ಷಯರೋಗದ ಐಸೋನಿಯಾಜಿಡ್ ಮಾತ್ರೆಯೂ ಹಾಗೇ. ಕೆಲವರ ದೇಹ ಅದನ್ನು ಬೇಗ ಕಳೆಯುತ್ತದೆ, ಕೆಲವರದ್ದು ನಿಧಾನ. ನಿಧಾನದವರಿಗೆ ಲಿವರ್ ತೊಂದರೆಯ ಅಪಾಯ ಹೆಚ್ಚು. ಹಾಗಾಗಿ ವಿಜ್ಞಾನಿಗಳು ಆ ‘ಹತ್ತ’ನ್ನು ಎರಡಾಗಿ ನೋಡುತ್ತಾರೆ: ವಸ್ತು ದೇಹದೊಳಗೆ ಎಷ್ಟು ಸೇರಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದಕ್ಕೆ ಸುಮಾರು 3.16, ಉಳಿದದ್ದು ಅಂಗಕ್ಕೆ ಎಷ್ಟು ಪೆಟ್ಟು ಕೊಡುತ್ತದೆ ಅನ್ನುವುದಕ್ಕೆ ಇನ್ನೊಂದು 3.16. ಎಲ್ಲ ವಸ್ತುವಿಗೂ, ಎಲ್ಲ ಮನುಷ್ಯರಿಗೂ ಹತ್ತು ಸಾಕಾಗುತ್ತದೆ ಅಂತ ಯಾರೂ ಪ್ರಮಾಣ ಮಾಡುವುದಿಲ್ಲ. ಹೊಗೆ, ಧೂಳಿನ ಸಣ್ಣ ಕಣಗಳ ವಿಷಯದಲ್ಲಂತೂ, ಇದಕ್ಕಿಂತ ಕೆಳಗೆ ಯಾರಿಗೂ ತೊಂದರೆ ಇಲ್ಲ ಅನ್ನುವ ಗೆರೆ ಸಿಕ್ಕಿಲ್ಲ. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ ಅಂದಿದೆ, ನಮ್ಮ ದೇಶದ ಮಾನದಂಡ 40.

ಗಟ್ಟಿಯವನೂ ಬೀಳುವ ಜಾಗ

ಒಂದು ಎಚ್ಚರಿಕೆ ಹೇಳಲೇಬೇಕು. ಒಬ್ಬರಿಗೆ ಆಗುತ್ತದೆ, ಒಬ್ಬರಿಗೆ ಇಲ್ಲ ಅನ್ನುವ ವ್ಯತ್ಯಾಸ ಎದ್ದು ಕಾಣುವುದು ಕಡಿಮೆ ಪ್ರಮಾಣದಲ್ಲಿ. ಪ್ರಮಾಣ ಏರಿದರೆ ಗಟ್ಟಿ, ಸಪೂರ ಅಂತ ಭೇದವಿಲ್ಲ.

2025ರ ಜುಲೈ 12ರಂದು ಸುರತ್ಕಲ್ ಬಳಿಯ ಎಂಆರ್‌ಪಿಎಲ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಸೋರಿ ಇಬ್ಬರು ಸಿಬ್ಬಂದಿ ತೀರಿಕೊಂಡರು, ನೆರವಿಗೆ ಹೋದ ಇನ್ನೊಬ್ಬರು ಆಸ್ಪತ್ರೆ ಸೇರಿದರು. 2022ರ ಏಪ್ರಿಲ್ 17ರಂದು ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಬಿದ್ದ, ಎಳೆಯಲು ಹೋದವರು ಒಬ್ಬರ ಹಿಂದೆ ಒಬ್ಬರು ಬಿದ್ದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಐವರು ಜೀವ ಕಳೆದುಕೊಂಡರು. ಅವರೆಲ್ಲ ದುಡಿಯುವ ಪ್ರಾಯದವರು.

ಮೀನಿನ ತ್ಯಾಜ್ಯ ಮುಚ್ಚಿದ ಜಾಗದಲ್ಲಿ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. 100 ಪಿಪಿಎಂ ಆಸುಪಾಸು ಬಂದರೆ ಮೂಗಿನ ಶಕ್ತಿಯೇ ಸತ್ತು ವಾಸನೆ ನಿಂತುಹೋಗುತ್ತದೆ. “ಈಗ ವಾಸನೆ ಹೋಯ್ತು, ಇಳಿಬಹುದು” ಅಂದುಕೊಳ್ಳುವ ಕ್ಷಣವೇ ಅತಿ ಅಪಾಯದ ಕ್ಷಣ. ನಮ್ಮಲ್ಲಿ ಮೀನು ಕತ್ತರಿಸುವ ಶೆಡ್, ತ್ಯಾಜ್ಯದ ಗುಂಡಿ, ಶೌಚದ ಪಿಟ್ ಇರುವ ಕಡೆಯೆಲ್ಲ ಈ ಮಾತು ಗೋಡೆಯಲ್ಲಿ ಬರೆದಿಡಬೇಕು: ಬಿದ್ದವನನ್ನು ಕಂಡು ಹಾರಬೇಡಿ, ಮೊದಲು 112ಕ್ಕೆ ಫೋನು.

ನಮಗೆ ಹೊಸ ಪಾಠ ಅಲ್ಲ

‘ಎಲ್ಲರಿಗೂ ಯಾಕೆ ಆಗಲಿಲ್ಲ?’ ಅನ್ನುವ ಪ್ರಶ್ನೆಯನ್ನು ನಮ್ಮ ಕರಾವಳಿ ಒಮ್ಮೆ ಬಹಳ ದುಬಾರಿಯಾಗಿ ಎದುರಿಸಿದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲ. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್, ನಮ್ಮ ಕಡೆ ಗೇರು ಅಭಿವೃದ್ಧಿ ನಿಗಮದ ತೋಟಗಳು. 2000ದ ಆಸುಪಾಸಿನವರೆಗೂ ನಡೆಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆ ಹಾಕಿತು. ಇಂದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಅಂಗವೈಕಲ್ಯದ ಶೇಕಡಾವಾರು ನೋಡಿ ಮಾಸಾಶನ ಕೊಡುತ್ತಿದ್ದಾರೆ. ಆ ಪಟ್ಟಿಯಲ್ಲಿ ನಮ್ಮ ಕುಂದಾಪುರ, ಬೈಂದೂರು ಕಡೆಯ ಮನೆಗಳೂ ಇವೆ.

ತೋಟದ ಕೆಳಗಿನ ಊರಿನಲ್ಲಿ ಎಲ್ಲರೂ ಅದೇ ಗಾಳಿ ಉಸಿರಾಡಿದ್ದು, ಅದೇ ನೀರು ಕುಡಿದದ್ದು. ಎಲ್ಲ ಮನೆಯಲ್ಲೂ ಕಾಯಿಲೆ ಬರಲಿಲ್ಲ. ಬಾರದ ಮನೆಗಳನ್ನು ತೋರಿಸಿ ಬಂದ ಮನೆಗಳ ಮಾತನ್ನು ತಳ್ಳಿಹಾಕಿದ್ದಕ್ಕೆ ವರ್ಷಗಟ್ಟಲೆ ತಡವಾಯಿತು. ತಡವಾದದ್ದಕ್ಕೆ ಬೆಲೆ ಕೊಟ್ಟವರು ತಾಯಂದಿರು.

ಪ್ಲಾಂಟಿನವರ ಮಾತೂ ಇದೆ

ಐಸ್ ಪ್ಲಾಂಟ್ ನಿಲ್ಲಿಸಿ ಅನ್ನುವುದು ಸುಲಭ, ಮೀನುಗಾರಿಕೆ ನಿಂತರೆ ಬಂದರು ರಸ್ತೆಯ ಅರ್ಧ ಅಂಗಡಿ ಬಾಗಿಲು ಹಾಕಬೇಕು. ಊರಿನ ಅತಿ ಸೂಕ್ಷ್ಮ ಒಬ್ಬ ವ್ಯಕ್ತಿಗೂ ಏನೂ ಆಗಬಾರದು ಅಂತ ಮಿತಿ ಇಟ್ಟರೆ ಯಾವ ಕಾರ್ಖಾನೆಯೂ ನಡೆಯಲಿಕ್ಕಿಲ್ಲ ಅನ್ನುವ ವಾದದಲ್ಲಿ ಹುರುಳಿಲ್ಲ ಅಂತ ಅಲ್ಲ. ಅಮೋನಿಯಾ ಓಝೋನ್ ಪದರ ಕೆಡಿಸುವುದಿಲ್ಲ, ವಿದ್ಯುತ್ ಕಡಿಮೆ ಸಾಕು, ಬೆಲೆಯೂ ಕಡಿಮೆ. ಅದನ್ನು ಬಳಸುವುದರಲ್ಲಿ ತಪ್ಪಿಲ್ಲ.

ಆದ್ರೆ ಇಲ್ಲಿ ಒಂದು ಸಂದು ಉಳಿದಿದೆ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಲ್ಲಿ ಅಮೋನಿಯಾ ಸಂಗ್ರಹಕ್ಕೆ ಹೆಚ್ಚುವರಿ ಕಟ್ಟುಪಾಡು ಶುರುವಾಗುವುದು 60 ಟನ್‌ನಿಂದ. ನಮ್ಮ ಸಣ್ಣ ಐಸ್ ಪ್ಲಾಂಟುಗಳಲ್ಲಿ ಅಷ್ಟು ಇರುವುದಿಲ್ಲ. ದೊಡ್ಡ ರಸಗೊಬ್ಬರ ಕಾರ್ಖಾನೆಗೆ ಇರುವ ಅಣಕು ಕಾರ್ಯಾಚರಣೆ, ಊರಿನವರಿಗೆ ಮಾಹಿತಿ, ಇವೆಲ್ಲ ಇಲ್ಲಿಗೆ ಅದೇ ಬಿಗಿಯಲ್ಲಿ ಬರುವುದಿಲ್ಲ. ಆದ್ರೆ ದೊಡ್ಡ ಕಾರ್ಖಾನೆಗೆ ಸುತ್ತಲೂ ಖಾಲಿ ಜಾಗ ಇರುತ್ತದೆ, ನಮ್ಮ ಪ್ಲಾಂಟಿಗೆ ಸುತ್ತಲೂ ಮನೆ, ಅಂಗಡಿ, ಶಾಲೆ. ಕಡಿಮೆ ಗ್ಯಾಸ್, ಹತ್ತಿರದ ಜನ. ಅಪಾಯ ಕಿಲೋ ಲೆಕ್ಕದಲ್ಲಿ ಮಾತ್ರ ಅಲ್ಲ, ಮಾರು ಲೆಕ್ಕದಲ್ಲೂ ಇರುತ್ತದೆ.

ಮಿತಿಯನ್ನು ದಿಲ್ಲಿಯಲ್ಲಿ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದ್ರೆ ವ್ಯತ್ಯಾಸ ಇರುವ ಜನರನ್ನು ಊರಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮುಂದಿನ ಗ್ರಾಮಸಭೆಯಲ್ಲಿ, ಪಟ್ಟಣ ಪಂಚಾಯತ್, ಪುರಸಭೆಯಲ್ಲಿ ಕೇಳಬಹುದಾದ್ದು ಇಷ್ಟು:

1. ಅಳತೆ ಮಾಡಿದರೆ ಎಲ್ಲಿ ಮಾಡಿದ್ದು? ಪ್ಲಾಂಟಿನ ಒಳಗಾ, ಹೊರಗಿನ ಮನೆಯ ಹತ್ತಿರವಾ? ಎಷ್ಟು ಗಂಟೆ? ಯಾವ ಮಿತಿಗೆ ಹೋಲಿಸಿದ್ದು? ಉಡುಪಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಯಿಂದ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಿಂದ ಮಾಹಿತಿ ಹಕ್ಕಿನಲ್ಲಿ ಇದನ್ನು ಪಡೆಯಬಹುದು.

2. ಆಗಸ್ಟ್‌ನಲ್ಲಿ ಪ್ಲಾಂಟ್ ಶುರು ಮಾಡುವ ಮೊದಲು ವಾಲ್ವು, ಪೈಪಿನ ಪರಿಶೀಲನೆ ಆಗಿದೆಯಾ? ಶುರು ಮಾಡುವ ದಿನ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಲಿಕ್ಕೆ ಖರ್ಚಿಲ್ಲ.

3. ಸೋರಿಕೆ ಪತ್ತೆ ಯಂತ್ರ, ಸೈರನ್, ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಇದೆಯಾ? ಮೂಗಿನ ಮೇಲೆ ಭರವಸೆ ಇಡಬಾರದು ಅಂತ ಮೇಲೆ ನೋಡಿದೆವು.

4. ಪ್ಲಾಂಟಿನ ಸುತ್ತ ಯಾವ ಮನೆಯಲ್ಲಿ ಹಸುಗೂಸು, ಗರ್ಭಿಣಿ, ಅಸ್ತಮಾದವರು, ಹಾಸಿಗೆ ಹಿಡಿದವರು ಇದ್ದಾರೆ ಅಂತ ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಸೋರಿಕೆ ಆದಾಗ ಮೊದಲು ಆ ಮನೆಗಳಿಗೆ ಹೋಗುವುದು ಯಾರು ಅಂತ ಈಗಲೇ ಹೆಸರು ಹಚ್ಚಿಡಬೇಕು.

5. ಪಂಪ್‌ಹೌಸ್, ಶಾಲೆ, ಅಂಗಡಿ ಸಾಲಿನವರಿಗೆ ವರ್ಷಕ್ಕೊಮ್ಮೆ ಆದ್ರೂ ಒಂದು ತಾಲೀಮು ಬೇಕು. ಸೋರಿದರೆ ಗಾಳಿಗೆ ಅಡ್ಡವಾಗಿ, ಗ್ಯಾಸ್ ಬರುವ ದಿಕ್ಕಿನಿಂದ ಪಕ್ಕಕ್ಕೆ ಸರಿಯಬೇಕು. ಮೂಗು, ಬಾಯಿಗೆ ಒದ್ದೆ ಬಟ್ಟೆ ಹಿಡಿಯಬೇಕು. ಕಣ್ಣಿಗೆ ತಾಗಿದರೆ ಉಜ್ಜದೆ ಕಡಿಮೆ ಅಂದ್ರೂ 15 ನಿಮಿಷ ಚೊಕ್ಕ ನೀರು ಬಿಡಬೇಕು. ನೆಲದಲ್ಲಿ ನಿಂತ ದ್ರವ ಅಮೋನಿಯಾಕ್ಕೆ ನೀರು ಸುರಿಯಬಾರದು, ಆವಿ ಇನ್ನೂ ಏಳುತ್ತದೆ. ಆ ಕೆಲಸ ಅಗ್ನಿಶಾಮಕದವರಿಗೆ ಬಿಡಬೇಕು. ಉಬ್ಬಸ ಕಂಡವರನ್ನು “ಸ್ವಲ್ಪ ಹೊತ್ತು ಕಾಣುವ” ಅಂತ ಕೂರಿಸದೆ ಆಸ್ಪತ್ರೆಗೆ ಸೇರಿಸಬೇಕು, ಶ್ವಾಸಕೋಶದ ತೊಂದರೆ ಗಂಟೆಗಳ ನಂತರವೂ ಏರಬಹುದು.

ಅಂಗಡಿಯವರು ಮಾಡಬಹುದಾದ ಇನ್ನೊಂದು ಕೆಲಸ ಇದೆ. ವಾಸನೆ ಬಂದ ದಿನ, ಹೊತ್ತು, ಗಾಳಿಯ ದಿಕ್ಕು, ಯಾರಿಗೆ ಏನಾಯಿತು ಅಂತ ಸಾಲದ ಪುಸ್ತಕದ ಹಿಂದೆ ಒಂದು ಸಾಲು ಬರೆದಿಡಿ. ಒಬ್ಬರ ದೂರು ರಗಳೆ ಅನ್ನಿಸಬಹುದು. ಹತ್ತು ಅಂಗಡಿಯ ಮೂರು ತಿಂಗಳ ಬರಹವನ್ನು ಯಾವ ಕಚೇರಿಯೂ ಅಷ್ಟು ಸುಲಭಕ್ಕೆ ತಳ್ಳಿಹಾಕಲಾರದು.

ಮತ್ತೆ ಮುಂದಿನ ಸಲ ಪಕ್ಕದ ಮನೆಯವರು “ಈ ವಾಸನೆ ಆಗೂದಿಲ್ಲ” ಅಂದಾಗ “ನಮ್ಗೆಂತ ಆಯ್ಲಿಲ್ಲೆ” ಅನ್ನುವ ಮೊದಲು ಒಂದು ನಿಮಿಷ ನಿಲ್ಲುವ. ನಮಗೆ ಆಗದೇ ಇರುವುದು ನಮ್ಮ ಅದೃಷ್ಟ. ಅವರಿಗೆ ಆಗುತ್ತಿರುವುದು ಇಡೀ ಕೇರಿಗೆ ಮೊದಲು ಬಂದ ಸುದ್ದಿ.